ಮಾಳಿಗೆಯಿಂದ ಸ್ಲ್ಯಾಬಿನವರೆಗೆ

ಮುಂಬಯಿಯಲ್ಲಿ ಆಷಾಢ ಕಾಲಿಟ್ಟಿತೆಂದರೆ ಮೇಲಂತಸ್ತಿನವರ ಕಣ್ಣೆಲ್ಲ ಛತ್ತಿನ ಕಡೆಗೆ. ಎಲ್ಲಿ ಕಲೆ ಮೂಡಿತು, ಎಲ್ಲಿ ಹನಿ ತೊಟ್ಟಿಕ್ಕಿತು ಎಂಬುದೇ ಚಿಂತೆ. ಸೊಸೈಟಿಯ ಸಭೆ ಸೇರಿದಾಗ ಏಳುವ ಪ್ರಶ್ನೆಯೂ ಒಂದೇ: “ತಾರಸಿಗೆ ಈ ಸಲ ಏನು ಹಾಕಿಸೋಣ?” ಪ್ರಶ್ನೆ ಹಳೆಯದು. ಹಿಂದಿನವರು ಅದಕ್ಕೆ ಕೊಟ್ಟ ಉತ್ತರಗಳನ್ನು ಒಮ್ಮೆ ನೋಡುವುದು ಒಳ್ಳೆಯದು.

ನಮ್ಮಲ್ಲಿ ಕರಾವಳಿಯಿಂದ ಬಂದವರು ಹಂಚಿನ ಮಾಡಿನ ಕೆಳಗೆ ಬೆಳೆದವರು. ವಿಜಾಪುರ, ರಾಯಚೂರು, ಬಳ್ಳಾರಿ ಕಡೆಯವರದು ಮಾಳಿಗೆ ಮನೆ. ವಿಜಾಪುರದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ. ಅಷ್ಟಕ್ಕೆ ಮಣ್ಣೇ ಸಾಕಿತ್ತು. ತೊಲೆ, ಜಂತಿ, ಹಲಗೆ. ಅದರ ಮೇಲೆ ದಪ್ಪನೆಯ ಮಣ್ಣು. ಎಲ್ಲಕ್ಕೂ ಮೇಲೆ ಚೌಳುಮಣ್ಣಿನ ಪದರ. ಬೆಳೆಗೆ ಬಾರದ ಈ ಮಣ್ಣು ನೆನೆದೊಡನೆ ಅದರ ನುಣ್ಣನೆಯ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನು ತುಂಬಿ, ನೀರನ್ನು ಕೆಳಗಿಳಿಯಗೊಡುವುದಿಲ್ಲ. ಆದರೆ ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕಿ ತುಳಿಯುವ ಕೆಲಸ ತಪ್ಪುವಂತಿರಲಿಲ್ಲ. 2009ರಲ್ಲಿ ಉತ್ತರ ಕರ್ನಾಟಕದಲ್ಲಿ ಎಡೆಬಿಡದೆ ಮಳೆ ಸುರಿದಾಗ ನೆನೆದ ಮಣ್ಣಿನ ಮನೆಗಳು ಎಷ್ಟೋ ಕುಸಿದುಬಿದ್ದವು. ಸೀಮೆಯ ಮಳೆಗೆ ಒಪ್ಪಿದ ಸಾಮಗ್ರಿ, ಆ ಮಳೆ ಮಿತಿಮೀರಿದಾಗ ಒಪ್ಪಲಿಲ್ಲ.

ಕಲ್ಲಿನಲ್ಲಿ ಕಟ್ಟಿದವರಿಗೂ ಈ ಚಿಂತೆ ಇತ್ತು. ಐಹೊಳೆಯ ಲಾಡಖಾನ ಗುಡಿಯನ್ನು ನೋಡಿದವರಿಗೆ ನೆನಪಿರಬಹುದು. ಚಾಲುಕ್ಯರ ಶಿಲ್ಪಿಗಳು ಚಾವಣಿಯ ಚಪ್ಪಡಿಗಳನ್ನು ಹೊರಗಡೆಗೆ ತುಸು ಓರೆಯಾಗಿಟ್ಟು, ಒಂದೊಂದು ಸಂದಿನ ಮೇಲೂ ಮರದ ದಿಮ್ಮಿಯಂಥ ಉದ್ದನೆಯ ಕಲ್ಲುಪಟ್ಟಿ ಹೊದಿಸಿದ್ದಾರೆ. ಸೋರುವುದು ಕಲ್ಲಲ್ಲ, ಸಂದು ಎಂಬುದು ಅವರಿಗೆ ಗೊತ್ತಿತ್ತು.

ಮುಂದೆ ಬಂದದ್ದು ಮದ್ರಾಸ್ ತಾರಸಿ. ಮರದ ತೊಲೆಗಳ ಮೇಲೆ ತೆಳುವಾದ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆ ಸಾಲುಗಳಲ್ಲಿ ಸುಣ್ಣದ ಗಾರೆಯಿಂದ ಕೂಡಿಸುತ್ತಿದ್ದರು. ಅದರ ಮೇಲೆ ಇಟ್ಟಿಗೆ ಚೂರು, ಸುಣ್ಣದ ಕಾಂಕ್ರೀಟು. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತ ಮರದ ಕೊಡತಿಯಿಂದ ದಿನಗಟ್ಟಲೆ ಬಡಿದು ಗಟ್ಟಿಮಾಡುವುದು ಕ್ರಮ. ಸುಣ್ಣ ನಿಧಾನವಾಗಿ ಗಟ್ಟಿಯಾಗುತ್ತದೆ; ಕೂದಲೆಳೆಯ ಬಿರುಕುಗಳನ್ನು ಕಾಲಕ್ರಮದಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ.

1914ರಲ್ಲಿ ಪೋರಬಂದರಿನ ಕಾರ್ಖಾನೆಯಿಂದ ಸಿಮೆಂಟು ಹೊರಬರತೊಡಗಿತು. 1930ರ ದಶಕದಲ್ಲಿ ಮುಂಬಯಿಯ ಮೆರೈನ್ ಡ್ರೈವಿನುದ್ದಕ್ಕೂ ಕಬ್ಬಿಣ ಹುದುಗಿದ ಕಾಂಕ್ರೀಟಿನ ಕಟ್ಟಡಗಳು ಎದ್ದವು. ಹಂಚಿನ ಮನೆಯವರೂ ಮಾಳಿಗೆಯವರೂ ಈ ನಗರದಲ್ಲಿ ಒಂದೇ ಸ್ಲ್ಯಾಬಿನ ಕೆಳಗೆ ಬಂದರು. ಆದರೆ ಇಲ್ಲಿ ನಾಲ್ಕು ತಿಂಗಳಲ್ಲಿ ಸುರಿಯುವ ಮಳೆ 2000 ಮಿ.ಮೀ. ಮೀರುತ್ತದೆ. ಬಿಸಿಲಿಗೆ ಹಿಗ್ಗಿ ತಂಪಿಗೆ ಕುಗ್ಗಿ ಸ್ಲ್ಯಾಬು ಬಿರಿಯುತ್ತದೆ. ನೀರು ಕಬ್ಬಿಣವನ್ನು ಮುಟ್ಟುತ್ತದೆ. ತುಕ್ಕು ಉಬ್ಬಿ ಕಾಂಕ್ರೀಟನ್ನು ಒಡೆದು ಕೆಡವುತ್ತದೆ. ಅದಕ್ಕೇ ಇಟ್ಟಿಗೆ ಚೂರನ್ನು ಇಳಿಜಾರಾಗಿ ಹಾಸುವ ಕೋಬಾ ಬಳಕೆಗೆ ಬಂತು. ಬಿಳಿಯ ಹೆಂಚುಚೂರುಗಳ ಚೈನಾ ಮೊಸಾಯಿಕ್ಕು ಬಿಸಿಲನ್ನೂ ಹಿಂದಕ್ಕಟ್ಟಿತು. ಡಾಂಬರಿನ ಹಾಳೆಗಳು, ರಬ್ಬರಿನಂಥ ಲೇಪಗಳು ಆಮೇಲಿನವು; ಹಗುರ, ಆದರೆ ಬಿಸಿಲಿಗೆ ಬೇಗ ಸವೆಯುವಂಥವು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ನಾಲ್ಕು ಅಂಗುಲದ ಕೋಬಾ ಚದರ ಮೀಟರಿಗೆ ಸುಮಾರು 200 ಕಿಲೋ ತೂಗುತ್ತದೆ. ಸೋರಿತೆಂದು ಹಳೆಯದರ ಮೇಲೆಯೇ ಹೊಸದನ್ನು ಹಾಸುತ್ತ ಹೋದರೆ, ಮೊದಲೇ ತುಕ್ಕು ಹಿಡಿದ ಸ್ಲ್ಯಾಬಿನ ಮೇಲೆ ನಾವೇ ಹೊರೆ ಹೇರಿದಂತೆ. ಹಳೆಯದನ್ನು ಕೀಳಿಸಿ, ಸ್ಲ್ಯಾಬನ್ನು ಎಂಜಿನಿಯರರಿಂದ ಪರೀಕ್ಷಿಸಿದ ನಂತರವೇ ಹೊಸ ಕೆಲಸಕ್ಕೆ ಕೈಹಾಕಬೇಕು.

ಹಿಂದಿನವರ ಉತ್ತರಗಳಿಂದ ನಮಗೆ ತಿಳಿಯುವುದು ಇಷ್ಟು: ಬಾಳಿಕೆ ಬಂದ ಯಾವ ತಾರಸಿಯೂ ನಿಜವಾಗಿ ಸಮತಟ್ಟಾಗಿರಲಿಲ್ಲ. ಮಣ್ಣಾಗಲಿ, ಸುಣ್ಣವಾಗಲಿ, ನೀರಿಗೆ ದಾರಿ ಬಿಟ್ಟವರ ಮನೆ ಉಳಿಯಿತು. ಮುಂದಿನ ಸಭೆಯಲ್ಲಿ “ಏನು ಹಾಕಿಸೋಣ” ಎನ್ನುವುದಕ್ಕೆ ಮೊದಲು “ನೀರು ಎಲ್ಲಿ ನಿಲ್ಲುತ್ತದೆ, ಸಂದು ಎಲ್ಲಿದೆ” ಎಂದು ಕೇಳೋಣ. ಊರಲ್ಲಿ ಹಿರಿಯರು ಮಳೆಗೆ ಮುಂಚೆ ಮಾಳಿಗೆ ಹತ್ತುತ್ತಿದ್ದರು. ನಾವೂ ಒಮ್ಮೆ ತಾರಸಿ ಹತ್ತಿ ನೋಡೋಣ.