ಪದ ಅಚ್ಚಿಗೆ, ಅರ್ಥ ಬಾಯಿಗೆ

ಪುತ್ತೂರಿನಿಂದ ಸುಳ್ಯಕ್ಕೆ ಹೊರಟರೆ ಕುಂಬ್ರದಲ್ಲಿ ಎಡಕ್ಕೆ ಬೆಳ್ಳಾರೆಯ ದಾರಿ ಕವಲೊಡೆಯುತ್ತದೆ. ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಈ ಕಡೆಯ ತೋಟದ ಮನೆಗಳಲ್ಲಿ, ಭಜನಾ ಮಂದಿರಗಳಲ್ಲಿ ತಾಳಮದ್ದಳೆಯ ಕಾಲ. ವೇಷವಿಲ್ಲ, ಕುಣಿತವಿಲ್ಲ. ಪಂಚೆ ಶಾಲಿನ ನಾಲ್ಕೈದು ಮಂದಿ ಎದುರುಬದುರು ಕೂರುತ್ತಾರೆ. ಒಬ್ಬ ಕೃಷ್ಣ, ಒಬ್ಬ ಕೌರವ, ಮತ್ತೊಬ್ಬ ವಿದುರ. ನಡುವೆ ಹಾಡುವ ಭಾಗವತರು, ಅವರ ಮುಂದೆ ಪ್ರಸಂಗದ ಒಂದು ತೆಳು ಪುಸ್ತಕ. ಪುಸ್ತಕದಲ್ಲಿರುವುದು ಪದಗಳು ಮಾತ್ರ: ರಾಗ, ತಾಳದ ಹೆಸರು, ಕೆಳಗೆ ನಾಲ್ಕಾರು ಸಾಲು, ನಡುನಡುವೆ ಒಂದು ಭಾಮಿನಿ, ಒಂದು ಕಂದ, ಒಂದು ದ್ವಿಪದಿ. ಕೂಟದಲ್ಲಿ ಗಂಟೆಗಟ್ಟಲೆ ಕೇಳುವ ಮಾತಿನಲ್ಲಿ, ಅಂದರೆ ಅರ್ಥದಲ್ಲಿ, ಒಂದಕ್ಷರವೂ ಅಲ್ಲಿಲ್ಲ.

ಕಾಲೇಜು ಹುಡುಗರು ಇಂದು ‘ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್’ ಎಂದು ಆಡುವ ಆಟ ಇದಕ್ಕೆ ದೂರದ ನೆಂಟ. ಅಲ್ಲಿಯೂ ಮೇಜಿನ ಸುತ್ತ ಕೂತವರು ಒಂದೊಂದು ಪಾತ್ರ ವಹಿಸಿ ಮಾತಾಡುತ್ತಾರೆ, ನಡೆಸಿಕೊಡಲು ಒಬ್ಬನಿರುತ್ತಾನೆ. ಅವರಿಗೆ ದಾಳ ಬೇಕು, ನಮಗೆ ಬೇಡ. ಅವರ ಕಥೆ ಎಲ್ಲಿ ಮುಗಿಯುತ್ತದೆಂದು ಯಾರಿಗೂ ಗೊತ್ತಿಲ್ಲ; ನಮ್ಮ ವಾಲಿ ಮಾತಿನಲ್ಲಿ ರಾಮನನ್ನು ಎಷ್ಟೇ ಸೋಲಿಸಲಿ, ಮಂಗಳ ಹಾಡುವ ಮೊದಲು ಸಾಯಲೇಬೇಕು. ಎರಡೂ ಕಡೆ ಅಚ್ಚು ಹಾಕುವವನ ಮುಂದೆ ಇದ್ದ ಪ್ರಶ್ನೆ ಮಾತ್ರ ಒಂದೇ. ಎಷ್ಟನ್ನು ಮುದ್ರಿಸಬೇಕು, ಎಷ್ಟನ್ನು ಆಡುವವರ ಬಾಯಿಗೆ ಬಿಡಬೇಕು?

ನಮ್ಮಲ್ಲಿ ಈ ಪ್ರಶ್ನೆ ಅಚ್ಚಿಗಿಂತ ಹಳೆಯದು. ಅಜಪುರದ ವಿಷ್ಣುವಿನ ವಿರಾಟಪರ್ವಕ್ಕೆ 1564ರ ಓಲೆಪ್ರತಿಯಿದೆ ಎಂದು ವಿದ್ವಾಂಸರು ಹೇಳುತ್ತಾರೆ. ಓಲೆಯಲ್ಲಿ ಕೊರೆಯುವುದು ಶ್ರಮದ ಕೆಲಸ, ಹಾಡಿಗೆ ಬೇಕಾದಷ್ಟನ್ನೇ ಕೊರೆದರು. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣದ ಪ್ರಸಂಗಗಳೂ ಹೀಗೆಯೇ ಭಾಗವತರಿಂದ ಭಾಗವತರಿಗೆ ನಕಲಾಗುತ್ತ ಬಂದವು. ಬಾಸೆಲ್ ಮಿಷನ್ 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯ ತೆರೆದ ಮೇಲೆ ಕರಾವಳಿಗೆ ಅಚ್ಚಿನ ರುಚಿ ಹತ್ತಿತು. ಬಾಯಾರು ಸಂಕಯ್ಯ ಭಾಗವತರು ಪಂಚವಟಿ, ವಾಲಿಸುಗ್ರೀವರ ಕಾಳಗದ ಕಥೆಯನ್ನು ತುಳುವಿಗೆ ತಂದದ್ದು 1887ರಲ್ಲಿ. ಬಾಯಾರು ಈಗ ಕಾಸರಗೋಡು ಜಿಲ್ಲೆಯ ಊರು, ಪುತ್ತೂರಿಗೆ ನೆರೆಮನೆ.

ಪ್ರಸಂಗವನ್ನು ನಿಜವಾಗಿ ವ್ಯಾಪಾರದ ವಸ್ತುವಾಗಿಸಿದವರಲ್ಲಿ ಉಡುಪಿಯ ಪಾವಂಜೆ ಗುರುರಾವ್ ಅಂಡ್ ಸನ್ಸ್ ಅವರದು ಮೊದಲು ನೆನಪಾಗುವ ಹೆಸರು. ಅವರ ಲೆಕ್ಕಾಚಾರ ಸರಳವಾಗಿತ್ತು. ಒಂದು ಪ್ರಸಂಗಕ್ಕೆ ಒಂದು ಪುಸ್ತಕ, ತೆಳು ಕಾಗದ, ಜೇಬಿಗೆ ಭಾರವಾಗದ ಬೆಲೆ. ಸಂಘದವರು ಈ ವರ್ಷ ಕೃಷ್ಣಸಂಧಾನ ಕೊಂಡರೆ ಮುಂದಿನ ವರ್ಷ ಕರ್ಣಪರ್ವ ಕೊಳ್ಳುತ್ತಾರೆ; ಯಾರೂ ಒಮ್ಮೆಗೇ ಇಡೀ ಭಾರತ ಹೊರಬೇಕಾಗಿಲ್ಲ. ಪೂರ್ವರಂಗದ ಕಟ್ಟಳೆ, ಸ್ತುತಿಪದಗಳೆಲ್ಲ ‘ಸಭಾಲಕ್ಷಣ’ ಎಂಬ ಬೇರೆಯೇ ಪುಸ್ತಕದಲ್ಲಿ. ನಿಯಮಕ್ಕೆ ಒಂದು, ಕಥೆಗೆ ಹತ್ತಾರು. ಪ್ರತಿ ಕಥೆಯ ಜೊತೆ ನಿಯಮವನ್ನೂ ಮತ್ತೆ ಅಚ್ಚು ಹಾಕುವ ಖರ್ಚು ಉಳಿಯಿತು.

ಅಮೆರಿಕದವರು ಈ ದಾರಿಗೆ ಬಂದದ್ದು ತಡವಾಗಿ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ನಿಯಮಗಳನ್ನು ಮೂರು ಕಿರುಹೊತ್ತಗೆಗಳಾಗಿ ಪೆಟ್ಟಿಗೆಯಲ್ಲಿಟ್ಟು ಮಾರಿದರು, ಮೊದಲ ಮುದ್ರಣ ಸಾವಿರ ಪ್ರತಿ. ಮರುವರ್ಷವೇ ‘ಗ್ರೇಹಾಕ್’ ಎಂಬ ಪುರವಣಿ ಬಂತು. 1977ರಿಂದ 1979ರೊಳಗೆ ಅದೇ ನಿಯಮಗಳು ದಪ್ಪ ರಟ್ಟಿನ ಮೂರು ಗ್ರಂಥಗಳಾದವು. ಆಮೇಲೆ ಅವರ ಕಂಪನಿ ಟಿಎಸ್‌ಆರ್ ಒಂದರ ಹಿಂದೊಂದು ಕಲ್ಪಿತ ಲೋಕಗಳನ್ನು ಹೊರತಂದು ಕೊಳ್ಳುವವರನ್ನೇ ಪಾಲು ಮಾಡಿಹಾಕಿತು. ಮಾರಾಟವಾಗದ ಪುಸ್ತಕಗಳು ಮರಳಿ ಬಂದು ರಾಶಿಬಿದ್ದವು. 1997ರಲ್ಲಿ ಕಂಪನಿ ಪರರ ಪಾಲಾಯಿತು. ಪಾವಂಜೆಯವರ ತೆಳು ಪುಸ್ತಕದ ಜಾಣತನ ಈ ಕಥೆ ಓದಿದಾಗಲೇ ನನಗೆ ಪೂರ್ತಿ ಅರ್ಥವಾದದ್ದು.

ಕರಾವಳಿಯ ಪುರವಣಿಗಳು ಪ್ರಕಾಶಕರಿಂದ ಬರಲಿಲ್ಲ, ಬಂದದ್ದು ಅರ್ಥಧಾರಿಗಳಿಂದ, ಪಂಡಿತರಿಂದ. ಇದರಲ್ಲಿ ಪುತ್ತೂರು ಸುಳ್ಯದ ಪಾಲು ದೊಡ್ಡದು. ಸುಳ್ಯ ಕಡೆಯ ಚೊಕ್ಕಾಡಿಯ ದೇರಾಜೆ ಸೀತಾರಾಮಯ್ಯನವರು ಕೂಟದಲ್ಲಿ ಆಡಿದ ಮಾತಿನ ಹದವನ್ನೇ ಬರಹಕ್ಕಿಳಿಸಿ ‘ಶ್ರೀರಾಮಚರಿತಾಮೃತಂ’, ‘ಶ್ರೀಮನ್ಮಹಾಭಾರತ ಕಥಾಮೃತಂ’ ಕೊಟ್ಟರು. ಪ್ರಸಂಗದ ಪುಸ್ತಕ ಖಾಲಿ ಬಿಟ್ಟ ಜಾಗಕ್ಕೆ ಏನು ತುಂಬಬಹುದೆಂದು ತಿಳಿಯಲು ಹೊಸಬರು ಇವನ್ನು ಓದಿದರು. ಗಡಿಯಾಚೆ ದೇಲಂಪಾಡಿಯ ಬನಾರಿಯಲ್ಲಿ ಕೀರಿಕ್ಕಾಡು ವಿಷ್ಣು ಮಾಸ್ತರರು 1944ರಲ್ಲಿ ಸಂಘ ಕಟ್ಟಿ, ಪ್ರಸಂಗಗಳನ್ನೂ ತಾವೇ ಬರೆದರು. ಅವರಲ್ಲಿ ಕವಿ, ಗುರು, ಸಂಘಟಕ ಒಬ್ಬರೇ.

ಪುತ್ತೂರಿನಲ್ಲಿ ಹರ್ಷ ಮುದ್ರಣಾಲಯ ನಡೆಸಿದ ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ 1957ರಲ್ಲಿ ಬಂತು, ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನೂ ಪಡೆಯಿತು. ಆಡುವವನ ಪುಸ್ತಕ ಅಲ್ಲ ಅದು, ಆಟವನ್ನು ಹೊರಗೆ ನಿಂತು ಪರೀಕ್ಷಿಸುವವನದು. ಕುಕ್ಕಿಲ ಕೃಷ್ಣ ಭಟ್ಟರು ಸಂಪಾದಿಸಿದ ‘ಪಾರ್ತಿಸುಬ್ಬನ ಯಕ್ಷಗಾನಗಳು’ ಮೈಸೂರು ವಿಶ್ವವಿದ್ಯಾನಿಲಯದಿಂದ 1975ರಲ್ಲಿ ಹೊರಬಿದ್ದಾಗ ಪ್ರಸಂಗ ಕಪಾಟಿನ ಗ್ರಂಥದ ಗಾತ್ರಕ್ಕೆ ಬೆಳೆಯಿತು. ಹಾಡುವಾಗ ತೊಡೆಯ ಮೇಲಿಟ್ಟುಕೊಳ್ಳಲು ಸ್ವಲ್ಪ ಭಾರ, ನಿಜ. ಪುತ್ತೂರಿನ ವಿವೇಕಾನಂದ ಕಾಲೇಜಿನಲ್ಲಿ ಪಾಠ ಹೇಳಿದ ಅಮೃತ ಸೋಮೇಶ್ವರರ ‘ಅಮರೇಂದ್ರ ಪದವಿಜಯಿ’, ‘ಸಹಸ್ರಕವಚ ಮೋಕ್ಷ’ ಮೊದಲಾದವೂ ಮುಂದೆ ಸಂಪುಟ ಸೇರಿದವು. ಎಂ. ಪ್ರಭಾಕರ ಜೋಶಿಯವರ ‘ಯಕ್ಷಗಾನ ಪದಕೋಶ’ ಬಂದ ಮೇಲೆ ಪಾರಿಭಾಷಿಕ ಪದಗಳಿಗೂ ಒಂದು ಕೈಪಿಡಿ ಸಿಕ್ಕಿತು. ಪುತ್ತೂರಿನ ಕರ್ನಾಟಕ ಸಂಘದ ಪ್ರಕಟಣೆಗಳಲ್ಲೂ ಯಕ್ಷಗಾನಕ್ಕೆ ಜಾಗವಿದೆ.

ಪುಸ್ತಕಕ್ಕಿಂತ ದೊಡ್ಡ ಪುರವಣಿ ಕ್ಯಾಸೆಟ್. ಹೆಸರಾಂತ ಅರ್ಥಧಾರಿಗಳಾದ ಶೇಣಿ ಗೋಪಾಲಕೃಷ್ಣ ಭಟ್ಟರ ರಾವಣ, ಸಾಮಗರ ಮಾತು ಟೇಪ್‌ರೆಕಾರ್ಡರಿನಲ್ಲಿ ಮನೆಮನೆ ಹೊಕ್ಕಿತು. ಕಲಿಯುವವರಿಗೆ ಇದೊಂದು ಭಾಗ್ಯ. ಆದರೆ ಪ್ರಕಾಶಕರು ಅಷ್ಟು ಕಾಲ ಖಾಲಿ ಬಿಟ್ಟಿದ್ದ ಜಾಗ ತುಂಬಿಹೋಯಿತು. ಶೇಣಿಯವರ ಪೀಠಿಕೆಯನ್ನು ಉಸಿರಾಟದ ಸಮೇತ ಒಪ್ಪಿಸುವ ರಾವಣರು ಹುಟ್ಟಿಕೊಂಡರು. ಎದುರಿನ ವಿಭೀಷಣ ಒಂದು ಹೊಸ ಪ್ರಶ್ನೆ ಎತ್ತಿದರೆ ತಬ್ಬಿಬ್ಬಾಗುವವರು. ಅರ್ಥಸಹಿತ ಅಚ್ಚಾದ ಪ್ರಸಂಗಗಳ ಬಗ್ಗೆಯೂ ನನಗಿರುವ ಗುಮಾನಿ ಇದೇ. ಶಾಲೆಯ ಮಕ್ಕಳಿಗೆ ಸರಿ, ದೊಡ್ಡವರ ಕೂಟಕ್ಕೆ ಬೇಡ.

ಹಕ್ಕಿನ ಮಾತು ಎದ್ದದ್ದು ಇನ್ನೂ ಈಚೆಗೆ. ಹಳೆಯ ಪ್ರಸಂಗ ಊರಿನ ಬಾವಿಯಂತೆ, ಯಾರು ಬೇಕಾದರೂ ಸೇದಬಹುದಿತ್ತು. ಕಾರಂತರು ರೂಪಿಸಿದ ‘ಯಕ್ಷರಂಗ’ ಎಂಬ ಹೊಸ ರಂಗರೂಪದ ಏಳು ಪ್ರಸಂಗಗಳ ಹಕ್ಕಿನ ವ್ಯಾಜ್ಯ ಉಡುಪಿಯ ನ್ಯಾಯಾಲಯದಿಂದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2009ರಲ್ಲಿ ಉಯಿಲಿನ ಪ್ರಕಾರ ಅವರ ಉತ್ತರಾಧಿಕಾರಿಯದೇ ಹಕ್ಕು ಎಂದು ತೀರ್ಮಾನವಾಯಿತು. ಅಮೆರಿಕದಲ್ಲಿ ನಡೆದದ್ದು ತಿರುಗುಮುರುಗು. ಟಿಎಸ್‌ಆರ್ ಅನ್ನು ಕೊಂಡ ವಿಜರ್ಡ್ಸ್ ಆಫ್ ದ ಕೋಸ್ಟ್ 2000ದಲ್ಲಿ ಮೂಲ ನಿಯಮಗಳನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಯಾರು ಪುರವಣಿ ಬರೆದರೂ ಕೊನೆಗೆ ಮಾರಾಟವಾಗುವುದು ತನ್ನ ಮೂಲ ಪುಸ್ತಕವೇ ಎಂಬ ಲೆಕ್ಕ. 2023ರ ಜನವರಿಯಲ್ಲಿ ಆ ಪರವಾನಗಿಯನ್ನು ಬಿಗಿಮಾಡಲು ಹೋಗಿ, ಆಟಗಾರರ ಸಿಟ್ಟಿಗೆ ಬೆದರಿ, ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್‌ಗೇ ಒಪ್ಪಿಸಿತು.

ನಮ್ಮಲ್ಲಿ ಅಂಥ ಗದ್ದಲವಿಲ್ಲದೆ ‘ಯಕ್ಷವಾಹಿನಿ’ಯವರು ಹಳೆಯ ಪ್ರಸಂಗಗಳನ್ನು ಹುಡುಕಿ, ಸ್ಕ್ಯಾನ್ ಮಾಡಿ, ಉಚಿತವಾಗಿ ಹಂಚತೊಡಗಿದರು. ಈಗ ಭಾಗವತರ ಮುಂದೆ ಪುಸ್ತಕದ ಬದಲು ಟ್ಯಾಬ್ ಇದ್ದರೆ ಯಾರೂ ಹುಬ್ಬೇರಿಸುವುದಿಲ್ಲ. ಹಳೆಯ ಅಚ್ಚುಪ್ರತಿ ಕೈಗೆ ಸಿಕ್ಕರೆ ನಾನು ಮೊದಲು ನೋಡುವುದು ಅಂಚಿನ ಪೆನ್ಸಿಲ್ ಗುರುತುಗಳನ್ನು. ಈ ಪದ ಬಿಡುವುದು, ಇದನ್ನು ಎರಡು ಸಲ ಹಾಡುವುದು, ಇಲ್ಲಿ ಕೌರವನ ಮಾತು ಉದ್ದವಾದರೆ ತಾಳ ಹಾಕಿ ಮುಂದಿನ ಪದ ಎತ್ತುವುದು. ಸ್ಕ್ಯಾನ್ ಮಾಡುವಾಗ ಅವುಗಳಲ್ಲಿ ಕೆಲವು ಮಾಸಿಹೋಗುತ್ತವೆ. ದಪ್ಪಗೆ ಬರೆದವು ಅಚ್ಚಿನ ಅಕ್ಷರದ ಪಕ್ಕದಲ್ಲೇ ಉಳಿದು, ಗುರುತು ಹಾಕಿದವರು ಯಾರೆಂದು ತಿಳಿಯದ ಕೂಟಗಳಲ್ಲಿ ಮತ್ತೆ ಹಾಡಿಸಿಕೊಳ್ಳುತ್ತಿವೆ.