ಬಗ್ಗುವ ಸೋಲಾರ್ ಹಾಳೆ: ಸ್ವಾನ್ಸೀ–ಕಾನ್ಪುರ ಜೊತೆಗೂಡಿದ್ದೇಕೆ?

ಮನೆಯ ಮಾಡಿನ ಮೇಲೆ ಕಾಣುವ ಸೋಲಾರ್ ಪ್ಯಾನೆಲ್‌ನೊಳಗಿನ ಸಿಲಿಕಾನ್ ಬಿಲ್ಲೆ ತೀರಾ ತೆಳು. ಬಗ್ಗಿಸಿದರೆ ಒಡೆದು ಹೋಗುತ್ತದೆ. ಅದಕ್ಕೇ ಗಾಜು, ಅಲ್ಯೂಮಿನಿಯಂ ಚೌಕಟ್ಟು, ಅಷ್ಟೊಂದು ಭಾರ.

ಇದಕ್ಕೆ ಬದಲಾಗಿ ಪ್ಲಾಸ್ಟಿಕ್ ಅಥವಾ ಲೋಹದ ಹಾಳೆಯ ಮೇಲೆ ಪತ್ರಿಕೆ ಅಚ್ಚು ಹಾಕಿದಂತೆ ಸೋಲಾರ್ ಸೆಲ್ ಮುದ್ರಿಸಬಹುದು. ಫ್ಲೆಕ್ಸಿಬಲ್ ಎಲೆಕ್ಟ್ರಾನಿಕ್ಸ್ ಅಂದರೆ ಇಂಥ ತಂತ್ರಜ್ಞಾನವೇ.

ಬ್ರಿಟನ್‌ನ ವೇಲ್ಸ್‌ನಲ್ಲಿರುವ ಸ್ವಾನ್ಸೀ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ‘ಸನ್‌ರೈಸ್’ ಯೋಜನೆ ಶುರುವಾಯಿತು. ಐಐಟಿ ಕಾನ್ಪುರ, ಐಐಟಿ ದೆಹಲಿ, ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮೊದಲಾದವು ಜೊತೆಗೂಡಿದವು. ಕರೆಂಟ್ ಸರಿಯಾಗಿ ಸಿಗದ ಭಾರತದ ಹಳ್ಳಿಗಳಿಗೆ ಕಡಿಮೆ ಖರ್ಚಿನ ಸೌರ ವಿದ್ಯುತ್ ಕೊಡುವುದು ಇದರ ಗುರಿ. ಸ್ವಾನ್ಸೀಗೆ ಮುದ್ರಣದ ಅನುಭವವಿದ್ದರೆ, ಕಾನ್ಪುರದಲ್ಲಿ ಫ್ಲೆಕ್ಸಿಬಲ್ ಎಲೆಕ್ಟ್ರಾನಿಕ್ಸ್‌ನ ರಾಷ್ಟ್ರೀಯ ಕೇಂದ್ರವೇ ಇದೆ.

ಇಲ್ಲಿ ಮುಖ್ಯ ವಸ್ತು ಪೆರೋವ್‌ಸ್ಕೈಟ್. 2009ರಲ್ಲಿ ಜಪಾನಿನ ವಿಜ್ಞಾನಿ ತ್ಸುತೊಮು ಮಿಯಾಸಾಕ ಅವರ ತಂಡ ತಯಾರಿಸಿದ ಇಂಥ ಸೆಲ್ ಬಿಸಿಲಿನ ಶೇ. 3.8ರಷ್ಟನ್ನು ಮಾತ್ರ ವಿದ್ಯುತ್ ಮಾಡಿತ್ತು. ಈಗ ಪ್ರಯೋಗಾಲಯದಲ್ಲಿ ಅದು ಶೇ. 25 ದಾಟಿದೆ.

ಆದರೆ ವ್ಯಾಪಾರದ ಲೆಕ್ಕದಲ್ಲಿ ಕ್ರಯ ಎಷ್ಟು ಮುಖ್ಯವೋ ಬಾಳಿಕೆಯೂ ಅಷ್ಟೇ ಮುಖ್ಯ. ಸಿಲಿಕಾನ್ ಪ್ಯಾನೆಲ್‌ಗೆ ಸಾಮಾನ್ಯವಾಗಿ 25 ವರ್ಷದ ವಾರಂಟಿ ಇರುತ್ತದೆ. ಪೆರೋವ್‌ಸ್ಕೈಟ್ ತೇವ, ಬಿಸಿ ತಾಗಿದರೆ ಬೇಗ ಕೆಡುತ್ತದೆ; ಅದರಲ್ಲಿ ಸೀಸವೂ ಇರುವುದರಿಂದ ಸೋರದಂತೆ ಮುಚ್ಚಬೇಕು. ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಕಾಸರಗೋಡು, ಮಂಗಳೂರಿನಂಥ ಕಡೆ ಇದೇ ದೊಡ್ಡ ಪರೀಕ್ಷೆ.

ವೇಲ್ಸ್‌ನ ತಂಪಿನಲ್ಲಿ ಪಾಸಾದ ಹಾಳೆ ನಮ್ಮ ಸೆಕೆಗೂ ಮಳೆಗೂ ನಿಲ್ಲುತ್ತದೆಯೇ ಎಂದು ಇಲ್ಲೇ ಇಟ್ಟು ನೋಡಬೇಕು. ವಿವಿಗಳು ಕೈಜೋಡಿಸುವುದರ ನಿಜವಾದ ಲಾಭ ಅದು. ಭೌತಶಾಸ್ತ್ರ, ರಸಾಯನಶಾಸ್ತ್ರ, ಎಲೆಕ್ಟ್ರಾನಿಕ್ಸ್ ಓದುವ ಮಕ್ಕಳಿಗೆ ಇಲ್ಲಿ ಇನ್ನೂ ಬೇಕಾದಷ್ಟು ಕೆಲಸ ಬಾಕಿ ಇದೆ.