ಜೀವಕೋಶಗಳ ವಂಶಾವಳಿ

ಜೀವಕೋಶಗಳ ವಂಶಾವಳಿ ಎಂದರೆ ಫಲಿತ ಅಂಡವು ವಿಭಜನೆ ಹೊಂದುತ್ತ ಭ್ರೂಣವಾಗುವಾಗ ಯಾವ ಕೋಶದಿಂದ ಯಾವ ಕೋಶಗಳು ಹುಟ್ಟಿದವು, ಅವು ಕೊನೆಗೆ ಯಾವ ಅಂಗದ ಭಾಗವಾದವು ಎಂಬುದರ ವಿವರ. ಮನೆತನದ ವಂಶವೃಕ್ಷದಂತೆ ಇದನ್ನೂ ಕವಲೊಡೆಯುವ ಮರದ ರೂಪದಲ್ಲಿ ಬರೆಯಲಾಗುತ್ತದೆ. ಇದನ್ನು ಪತ್ತೆಹಚ್ಚುವುದು ಭ್ರೂಣವಿಜ್ಞಾನದ ಮುಖ್ಯ ವಿಧಾನಗಳಲ್ಲಿ ಒಂದಾಗಿದೆ.

ಇತಿಹಾಸ

19ನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಚಾರ್ಲ್ಸ್ ಓಟಿಸ್ ವಿಟ್‌ಮನ್ ಜಿಗಣೆಯ ಭ್ರೂಣಕೋಶಗಳ ವಿಭಜನೆಯನ್ನು ಅಭ್ಯಸಿಸಿದರು. 1905ರಲ್ಲಿ ಎಡ್ವಿನ್ ಕಾಂಕ್ಲಿನ್, ಅಸಿಡಿಯನ್ ಎಂಬ ಸಮುದ್ರಜೀವಿಯ ಅಂಡದಲ್ಲಿನ ಹಳದಿ ಕೋಶದ್ರವ್ಯವನ್ನು ಪಡೆದ ಕೋಶಗಳು ಡಿಂಭದ ಬಾಲದ ಸ್ನಾಯುಗಳಾಗುವುದನ್ನು ತೋರಿಸಿದರು. ಇಂತಹ ಸಹಜ ಗುರುತು ಎಲ್ಲ ಭ್ರೂಣಗಳಲ್ಲಿ ಇರುವುದಿಲ್ಲ. ಆದ್ದರಿಂದ 1920ರ ದಶಕದಲ್ಲಿ ಜರ್ಮನಿಯ ವಾಲ್ಟರ್ ಫೋಗ್ಟ್ ಉಭಯಚರಗಳ ಭ್ರೂಣಕ್ಕೆ ಹಾನಿಮಾಡದ ಬಣ್ಣಗಳನ್ನು ಹಚ್ಚಿದರು. 1969ರಲ್ಲಿ ಫ್ರಾನ್ಸಿನ ನಿಕೋಲ್ ಲೆ ಡುವಾರಿನ್ ಲಾವಕ್ಕಿಯ ಕೋಶಗಳನ್ನು ಕೋಳಿಯ ಭ್ರೂಣದಲ್ಲಿ ನೆಟ್ಟು, ಕೋಶಕೇಂದ್ರದ ವ್ಯತ್ಯಾಸದಿಂದ ಅವುಗಳನ್ನು ಗುರುತಿಸುವ ವಿಧಾನವನ್ನು ರೂಪಿಸಿದರು.

ಸಿ. ಎಲಿಗನ್ಸ್ ಹುಳುವಿನ ವಂಶಾವಳಿ

ಒಂದು ಪ್ರಾಣಿಯ ಸಂಪೂರ್ಣ ವಂಶಾವಳಿ ಮೊದಲು ದೊರೆತದ್ದು ಸುಮಾರು 1 ಮಿಲಿಮೀಟರ್ ಉದ್ದದ, ಮಣ್ಣಿನಲ್ಲಿ ವಾಸಿಸುವ ಸಿ. ಎಲಿಗನ್ಸ್ ಎಂಬ ದುಂಡುಹುಳುವಿನಲ್ಲಿ. 1960ರ ದಶಕದಲ್ಲಿ ಸಿಡ್ನಿ ಬ್ರೆನ್ನರ್ ಇದನ್ನು ಸಂಶೋಧನೆಗೆ ಆರಿಸಿಕೊಂಡರು. ಇದರ ದೇಹ ಪಾರದರ್ಶಕವಾದುದರಿಂದ ಜೀವಂತ ಹುಳುವಿನಲ್ಲೇ ಪ್ರತಿಯೊಂದು ವಿಭಜನೆಯನ್ನು ಸೂಕ್ಷ್ಮದರ್ಶಕದ ಮೂಲಕ ನೋಡಬಹುದು. ಮೊಟ್ಟೆಯೊಡೆದ ನಂತರದ ವಂಶಾವಳಿಯನ್ನು ಜಾನ್ ಸಲ್ಸ್ಟನ್ ಮತ್ತು ರಾಬರ್ಟ್ ಹಾರ್ವಿಟ್ಜ್ 1977ರಲ್ಲಿಯೂ ಭ್ರೂಣಾವಸ್ಥೆಯ ವಂಶಾವಳಿಯನ್ನು ಸಲ್ಸ್ಟನ್ ಮತ್ತು ಸಂಗಡಿಗರು 1983ರಲ್ಲಿಯೂ ಪ್ರಕಟಿಸಿದರು.

ಈ ಹುಳುವಿನಲ್ಲಿ ವಿಭಜನೆಗಳ ಕ್ರಮ ಪ್ರತಿ ಸಲವೂ ಬಹುತೇಕ ಒಂದೇ ಆಗಿರುತ್ತದೆ. ದ್ವಿಲಿಂಗಿ ಹುಳುವಿನಲ್ಲಿ ಲೈಂಗಿಕ ಕೋಶಗಳನ್ನು ಬಿಟ್ಟು 1,090 ದೇಹಕೋಶಗಳು ಹುಟ್ಟುತ್ತವೆ, ಅವುಗಳಲ್ಲಿ 131 ಸಾಯುತ್ತವೆ, 959 ಉಳಿಯುತ್ತವೆ. ಸಾಯುವ ಕೋಶಗಳೂ ಅವು ಸಾಯುವ ಸಮಯವೂ ಮೊದಲೇ ನಿಶ್ಚಿತ. ಹೀಗೆ ಕೋಶಗಳ ಸಾವು ಆಕಸ್ಮಿಕವಲ್ಲ, ಅದು ಬೆಳವಣಿಗೆಯದೇ ಅಂಗ ಎಂಬುದು ಈ ವಂಶಾವಳಿಯಿಂದ ಸ್ಪಷ್ಟವಾಯಿತು. ಈ ಸಾವಿಗೆ ಅಗತ್ಯವಾದ ಸೆಡ್-3, ಸೆಡ್-4 ಮುಂತಾದ ಜೀನ್‌ಗಳನ್ನು ಹಾರ್ವಿಟ್ಜ್ ತಂಡ ಗುರುತಿಸಿತು. ಮಾನವನಲ್ಲಿಯೂ ಇವುಗಳಿಗೆ ಸಂಬಂಧಿಸಿದ ಜೀನ್‌ಗಳಿವೆ. ಸಾಯಬೇಕಾದ ಕೋಶಗಳು ಸಾಯದೆ ಉಳಿಯುವುದು ಕ್ಯಾನ್ಸರ್‌ನ ಲಕ್ಷಣಗಳಲ್ಲೊಂದು. ಬ್ರೆನ್ನರ್, ಹಾರ್ವಿಟ್ಜ್ ಮತ್ತು ಸಲ್ಸ್ಟನ್ ಅವರಿಗೆ 2002ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿತು.

ಆಧುನಿಕ ವಿಧಾನಗಳು

ಇಲಿ, ಮೀನು ಮೊದಲಾದ ಪ್ರಾಣಿಗಳಲ್ಲಿ ಕೋಶಗಳ ಸಂಖ್ಯೆ ಅಪಾರವಾದ ಕಾರಣ ಬರಿಯ ವೀಕ್ಷಣೆ ಸಾಲದು. ಹೊಳೆಯುವ ಪ್ರೋಟೀನಿನ ಜೀನ್ ಅನ್ನು ಒಂದು ಕೋಶದಲ್ಲಿ ಚಾಲನೆಗೊಳಿಸಿದರೆ ಅದರ ಸಂತತಿಯೆಲ್ಲ ಹೊಳೆಯುತ್ತದೆ. ಕ್ರಿಸ್ಪರ್ ತಂತ್ರದಿಂದ ಡಿಎನ್‌ಎಯಲ್ಲಿ ಸಣ್ಣ ಬದಲಾವಣೆಗಳನ್ನು ಮೂಡಿಸಿ, ಅನಂತರ ಅವುಗಳನ್ನು ಹೋಲಿಸಿ ಕೋಶಗಳ ನಂಟನ್ನು ಊಹಿಸುವುದೂ ಸಾಧ್ಯವಾಗಿದೆ.

ಮಿತಿಗಳು

ವಂಶಾವಳಿಯು ಕೋಶವೊಂದು ಏನಾಯಿತು ಎಂಬುದನ್ನು ತಿಳಿಸುತ್ತದೆಯೇ ಹೊರತು ಏಕೆ ಹಾಗಾಯಿತು ಎಂಬುದನ್ನಲ್ಲ. ಸಿ. ಎಲಿಗನ್ಸ್ ಹುಳುವಿನ ಕರುಳೆಲ್ಲ ಇ ಎಂಬ ಒಂದೇ ಕೋಶದ ಸಂತತಿ. ಆದರೆ ನಾಲ್ಕು ಕೋಶಗಳ ಹಂತದಲ್ಲಿ ಇದರ ತಾಯಿಕೋಶವನ್ನು ನೆರೆಯ ಪಿ2 ಕೋಶದಿಂದ ಬೇರ್ಪಡಿಸಿದರೆ ಕರುಳು ಉಂಟಾಗುವುದಿಲ್ಲ. ಕೋಶದ ಭವಿಷ್ಯವನ್ನು ವಂಶದಂತೆ ನೆರೆಹೊರೆಯೂ ನಿರ್ಧರಿಸುತ್ತದೆ. ಆದ್ದರಿಂದ ವಂಶಾವಳಿಯ ಜೊತೆಗೆ ಕೋಶಗಳನ್ನು ಬೇರ್ಪಡಿಸುವ, ಸ್ಥಳಾಂತರಿಸುವ ಪ್ರಯೋಗಗಳೂ ಅವಶ್ಯಕ.